ರಾತ್ರಿಯ ಕಾಲು ಗಂಟೆ

ನಲವತ್ತು ದಾಟಿದ ಮೇಲೆ "ಇಷ್ಟೇನಾ?" ಅನ್ನಿಸತೊಡಗಿತ್ತು. ಬ್ಯಾಂಕಿನ ಕೆಲಸ, ಸ್ವಂತ ಮನೆ, ಓದುವ ಮಕ್ಕಳು, ಭಾನುವಾರ ತಪ್ಪದೆ ಇಗರ್ಜಿ. ಯಾವುದಕ್ಕೂ ಕೊರತೆ ಇರಲಿಲ್ಲ. ನಮ್ಮ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಇಂಥ ಮಾತು ಎತ್ತಿದರೆ "ಧ್ಯಾನಕೂಟಕ್ಕೆ ಹೋಗಿ ಬಾ" ಅಂತಾರೆ. ಹೋಗಿ ಬಂದೆ. ಸ್ವಲ್ಪ ದಿನ ಹಿತವಾಗಿತ್ತು, ಆಮೇಲೆ ಮತ್ತೆ ಅದೇ.

ನನಗೆ ದಾರಿಯಾದದ್ದು ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ದಿನದ ಆತ್ಮಶೋಧನೆ. ಅವರು ಮೊದಲು ಕತ್ತಿ ಹಿಡಿದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಸಾಹಸದ ಕಥೆ ಕೇಳಿದರೆ, ಮನೆಯಲ್ಲಿ ಇದ್ದದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ. ಮಲಗಿದಲ್ಲೇ ಕನಸು ಕಾಣುತ್ತಿದ್ದರು: ಒಮ್ಮೆ ದೊಡ್ಡ ಮನೆತನದ ಹೆಣ್ಣೊಬ್ಬಳನ್ನು ಮೆಚ್ಚಿಸುವ ಕನಸು, ಇನ್ನೊಮ್ಮೆ ಸಂತರ ಹಾಗೆ ಬದುಕುವ ಕನಸು. ಕಾಣುವಷ್ಟು ಹೊತ್ತು ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದರೆ ಮನಸ್ಸು ಬರಡು. ಎರಡನೆಯದು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದರಿಂದಲೇ ಅವರ ಬದುಕು ಬೇರೆ ಕಡೆ ತಿರುಗಿತು.

ಅಂದರೆ ನೋಡಬೇಕಾದದ್ದು ಆ ಕ್ಷಣದ ಸುಖವನ್ನಲ್ಲ, ಆಮೇಲೆ ಏನು ಉಳಿಯಿತು ಅನ್ನುವುದನ್ನು.

ಇದಕ್ಕಾಗಿ ರಾತ್ರಿ ಮನೆಯವರ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಕಾಲು ಗಂಟೆ ಒಬ್ಬನೇ ಕೂರುತ್ತೇನೆ. ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ಸರಿಯಾಗಿ ಕಾಣುವ ಬೆಳಕು ಕೊಡು ಅಂತ ಬೇಡಿಕೆ. ಬೆಳಗಿನಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ನೆನೆಯುತ್ತೇನೆ. ಎಡವಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಕೃತಜ್ಞತೆಯನ್ನು "ಎಲ್ಲದಕ್ಕೂ ವಂದನೆ" ಅಂತ ಸುಮ್ನೆ ಮುಗಿಸಿದರೆ ಪ್ರಯೋಜನವಿಲ್ಲ. ಇಂಥದ್ದಕ್ಕೆ, ಇಂಥವರಿಗೆ ಅಂತ ಹೆಸರು ಹಿಡಿದೇ ಹೇಳಬೇಕು.

ಒಂದು ನವೆಂಬರ್ ಚೆನ್ನಾಗಿ ನೆನಪಿದೆ. ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡುವ ತಿಂಗಳು ಅದು, ಕೌಂಟರ್ ಎದುರು ಕಾಲಿಡಲು ಜಾಗ ಇರುವುದಿಲ್ಲ. ಬೀಡಿ ಕಟ್ಟಿಯೇ ವಯಸ್ಸಾದ ಅಜ್ಜಿಯೊಬ್ಬರ ಬೆರಳಚ್ಚು ಯಂತ್ರಕ್ಕೆ ಹತ್ತಲೇ ಇಲ್ಲ, ಗೆರೆಗಳೆಲ್ಲ ಸವೆದಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಬೆರಳು ಇಡಿಸುತ್ತಾ ಹೋದೆ. ಕೊನೆಗೆ ಎಡಗೈ ಉಂಗುರಬೆರಳು ಹತ್ತಿತು. "ನಾನು ಇನ್ನೂ ಬದುಕಿದ್ದೇನೆ ಅಂತಾಯ್ತಲ್ಲ ಮಗಾ" ಅಂತ ನಕ್ಕರು. ಅದೇ ದಿನ ನನ್ನ ಬಡ್ತಿಯ ಸುದ್ದಿಯೂ ಬಂದಿತ್ತು. ರಾತ್ರಿ ಕೂತಾಗ ಬಡ್ತಿ ಆಗಲೇ ಹಳತಾಗಿತ್ತು, ಮುಂದಿನ ವರ್ಗಾವಣೆಯ ಚಿಂತೆ ಶುರುವಾಗಿತ್ತು. ಅಜ್ಜಿಯ ನಗು ಮಾತ್ರ ಹಾಗೇ ಇತ್ತು. ಇಂಥದ್ದೇ ಮತ್ತೆ ಮತ್ತೆ ಕಂಡಾಗ, ದೇವರು ನನ್ನನ್ನು ಕರೆಯುತ್ತಿರುವುದು ಇದೇ ಕೌಂಟರಿನಿಂದ ಅಂತ ಗೊತ್ತಾಯಿತು.

ಎಲ್ಲ ರಾತ್ರಿಯೂ ಹೀಗಿರುವುದಿಲ್ಲ. ಎಷ್ಟೋ ರಾತ್ರಿ ಬರೀ ತೂಕಡಿಕೆ. ಒಂದು ಮಳೆಗಾಲವಿಡೀ ಪ್ರಾರ್ಥನೆ ರುಚಿಸಲಿಲ್ಲ, ಕೆಲಸ ಬಿಟ್ಟುಬಿಡೋಣ ಅನ್ನಿಸಿತ್ತು. ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಮನಸ್ಸು ಕುಗ್ಗಿದಾಗ ಬದಲಿಸಬೇಡ ಅನ್ನುವುದು ಇಗ್ನೇಷಿಯಸ್ಸರ ನಿಯಮ. ನನ್ನ ಮಟ್ಟಿಗೆ ಅವರು ಹೇಳಿದ್ದರಲ್ಲೆಲ್ಲ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ರಾಜೀನಾಮೆ ಬರೆಯಲಿಲ್ಲ.

ಇಗ್ನೇಷಿಯಸ್ಸರು ಕಟ್ಟಿದ ಯೇಸುಸಭೆಯವರು (ಜೆಸ್ವಿಟರು) ಈ ಆತ್ಮಶೋಧನೆಯನ್ನು ಮಧ್ಯಾಹ್ನವೂ ಮಾಡುತ್ತಾರೆ. ಬ್ಯಾಂಕಿನಲ್ಲಿ ನನಗೆ ಅದು ಆಗದ ಮಾತು. ಹೆಂಡತಿಗಂತೂ ಈ ಪದ್ಧತಿಯೇ ಒಗ್ಗಲಿಲ್ಲ. "ನಂಗೆ ತೇರ್ಸ್ ಸಾಕು, ನೀವು ಕೂತ್ಕೊಳ್ಳಿ" ಅಂತ ದೀಪ ಆರಿಸಿ ಮಲಗುತ್ತಾಳೆ.