ಪುಟ್ಟ ಫೈರ್‌ಪ್ಲೇಸಿಗೆ ಹೊಸ ಪೆಲೆಟ್ ಇನ್ಸರ್ಟ್ ಹುಡುಕಿದ್ದು

ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿರುವ ನಮ್ಮ ಮನೆ 1950ರ ದಶಕದ್ದು. ಹಾಲ್‌ನಲ್ಲಿ ಇಟ್ಟಿಗೆಯ ಒಂದು ಪುಟ್ಟ ಫೈರ್‌ಪ್ಲೇಸ್ ಇದೆ. ಅದರೊಳಗೆ ಈ ಮನೆಯಲ್ಲಿ ನಮಗಿಂತ ಮೊದಲಿದ್ದವರು ಕೂರಿಸಿದ್ದ ಪೆಲೆಟ್ ಇನ್ಸರ್ಟ್, ಅಂದರೆ ಫೈರ್‌ಪ್ಲೇಸಿನೊಳಗೆ ಕೂರುವ ಪೆಲೆಟ್ ಒಲೆ, ಹೋದ ಜನವರಿಯಲ್ಲಿ ಕೆಟ್ಟು ನಿಂತಿತು. ಕಂಟ್ರೋಲ್ ಬೋರ್ಡ್ ಸುಟ್ಟಿತ್ತು. ಅಷ್ಟು ಹಳೆಯ ಮಾಡೆಲ್ಲಿಗೆ ಬೋರ್ಡ್ ಸಿಗಲಿಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮ, "ಪೆಲೆಟ್ಟು ಅಂದ್ರೆ ಏನೋ ಅದು?" ಎಂದರು. ಮರದ ಹೊಟ್ಟನ್ನು ಒತ್ತಿ ಗುಳಿಗೆ ಮಾಡಿರ್ತಾರೆ ಎಂದೆ. "ಹಾಗಾದ್ರೆ ನಮ್ಮ ಹೊಟ್ಟಿನ ಒಲೆನೇ ಅಲ್ವೇನೋ!" ಹೌದು, ಉರಿಯುವುದು ಅದೇ ಹೊಟ್ಟು. ನಾವು ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ತುಂಬಿ, ಬಾಟಲಿ ಎಳೆದು ಗಾಳಿಗೆ ದಾರಿ ಮಾಡುತ್ತಿದ್ದೆವು. ಇಲ್ಲಿ ಗಾಳಿ ಊದಲು ಫ್ಯಾನ್, ಗುಳಿಗೆ ತಳ್ಳಲು ಆಗರ್ ಎಂಬ ತಿರುಪು.

ಮೊದಲು ಹೋದ ಅಂಗಡಿಯಲ್ಲಿ ಕೇಳಿದ್ದು ಅಗಲ, ಎತ್ತರ ಎರಡೇ. 28 ಇಂಚು, 22 ಇಂಚು ಎಂದೆ. "ಆರಾಮಾಗಿ ಕೂರುತ್ತೆ" ಎಂದು ಒಂದು ಮಾಡೆಲ್ ತೋರಿಸಿದರು. ಮುಂಗಡ ಕೊಡುವ ಮುಂಚೆ ಮನೆಗೆ ಬಂದು ಇನ್ನೊಮ್ಮೆ ಅಳೆದೆ. ಪುಣ್ಯಕ್ಕೆ ಅಳೆದೆ! ಫೈರ್‌ಪ್ಲೇಸ್ ಒಳಗೆ ಹೋದಂತೆ ಕಿರಿದಾಗುತ್ತದೆ. ಹಿಂದಿನ ಗೋಡೆಯ ಬಳಿ ಅಗಲ ಬರೀ 19 ಇಂಚು. ಆಳ ನೆಲದಲ್ಲಿ 16 ಇಂಚು ಇದ್ದರೂ ಹಿಂದಿನ ಗೋಡೆ ಮೇಲೆ ಹೋಗುತ್ತಾ ಮುಂದಕ್ಕೆ ಬಾಗಿದೆ. ಮೇಲ್ಗಡೆ 10 ಇಂಚೂ ಇಲ್ಲ. ನಿಜವಾಗಿ ಲೆಕ್ಕಕ್ಕೆ ಬರುವುದು ಈ ಒಳಗಿನ ಅಳತೆಗಳೇ.

ಆಮೇಲೆ ನಾನು ಮಾಡಿದ ಕೆಲಸ ಇದು. ಇಷ್ಟವಾದ ಮೂರು ಮಾಡೆಲ್‌ಗಳ ಮ್ಯಾನುಯಲ್ ಇಳಿಸಿಕೊಂಡು, ಒಳಗೆ ಹೋಗುವ ಭಾಗದ ಅಳತೆಗೆ ಸರಿಯಾಗಿ ರಟ್ಟಿನ ಪೆಟ್ಟಿಗೆ ಮಾಡಿದೆ. ಒಂದೊಂದನ್ನೇ ತಳ್ಳಿ ನೋಡಿದೆ. ಅಂಗಡಿಯವರು ಹೇಳಿದ್ದರ ಪೆಟ್ಟಿಗೆ ಬಾಗಿದ ಗೋಡೆಗೆ ತಾಗಿ ಅರ್ಧದಲ್ಲೇ ನಿಂತಿತು. ಎರಡನೆಯದು ಒಳಗೇನೋ ಹೋಯಿತು, ಆದರೆ ಹೊಗೆ ಕೊಳವೆ ಜೋಡಿಸಲು ಮೇಲೆ ಕೈ ಆಡುವಷ್ಟೂ ಜಾಗ ಇರಲಿಲ್ಲ. ಮೂರನೆಯದು ಗಿಡ್ಡ, ಹೊರಗೆ 9 ಇಂಚು ಚಾಚಿಕೊಳ್ಳುತ್ತದೆ. ಅದನ್ನೇ ಆರಿಸಿದೆ.

ಹೊರಗೆ ಚಾಚಿದ್ದರಿಂದ ಒಂದು ಖರ್ಚು ಬಂತು. ಒಲೆಯ ಬಾಗಿಲಿನ ಮುಂದೆ ಇಷ್ಟು ದೂರ ಬೆಂಕಿ ಹತ್ತದ ನೆಲ ಇರಲೇಬೇಕು ಎಂದು ಮ್ಯಾನುಯಲ್ ಹೇಳುತ್ತದೆ. ನಮ್ಮ ಕಲ್ಲುಹಾಸು ಸಾಲಲಿಲ್ಲ, ಮರದ ನೆಲದ ಮೇಲೆ ಇನ್ನೊಂದು ಚಪ್ಪಡಿ ಹಾಕಿಸಿದೆವು. ಚಿಮಣಿಯ ಒಳಗೆ ತುದಿಯವರೆಗೂ 4 ಇಂಚಿನ ಸ್ಟೀಲ್ ಲೈನರ್, ಅಂದರೆ ಹೊಗೆ ಹೋಗುವ ಕೊಳವೆ, ಹೊಸದಾಗಿ ಇಳಿಸಿದರು. ಹಳೆಯದನ್ನೇ ಬಳಸಿ ದುಡ್ಡು ಉಳಿಸೋಣ ಅಂದುಕೊಂಡಿದ್ದೆ. ತೆಗೆದಾಗ ಅದು ತುಕ್ಕು ಹಿಡಿದು ತೂತಾಗಿತ್ತು.

ಪೆಲೆಟ್ ತುಂಬುವ ಡಬ್ಬ, ಅಂದರೆ ಹಾಪರ್, ಚಿಕ್ಕದು, 40 ಪೌಂಡಿನ ಒಂದು ಚೀಲ ಪೂರ್ತಿ ಹಿಡಿಯುವುದಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸುರಿಯುತ್ತೇವೆ. ಕರೆಂಟ್ ಹೋದರೆ ಆಗರ್, ಫ್ಯಾನ್ ಎಲ್ಲ ನಿಲ್ಲುತ್ತವೆ, ಅದಕ್ಕೆ ಬ್ಯಾಟರಿ ಬ್ಯಾಕಪ್ ಇಟ್ಟಿದ್ದೇವೆ. ಗ್ಯಾರೇಜಿನಲ್ಲಿ ಈಗ ಒಂದು ಟನ್, ಅಂದರೆ 50 ಚೀಲ ಪೆಲೆಟ್ ಇದೆ. ಮಾರ್ಚ್ ಮುಗಿಯುವುದರೊಳಗೆ ಇನ್ನೆರಡು ಟನ್ ಬೇಕಾಗುತ್ತದೆ.