ಲೇತ್ ಮೇಲಿನ ದುಡಿಮೆಯಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ: ನನ್ನ ಅನುಭವ

ಪುಣೆಯ ಭೋಸರಿ ಕೈಗಾರಿಕಾ ವಸಾಹತು, ಅಂದರೆ ಎಂಐಡಿಸಿಯಲ್ಲಿ ಲೇತ್ ಯಂತ್ರದ ಮೇಲೆ ದುಡಿಯುವ ನಮ್ಮ ವಿಜಯಪುರ, ಕಲಬುರಗಿ ಕಡೆಯ ಟರ್ನರ್‌ಗಳಲ್ಲಿ ಹಲವರು, ದುಡಿಯುತ್ತಲೇ ಕಲಿತ ಕೌಶಲಕ್ಕೆ ಕೊಡುವ ಆರ್‌ಪಿಎಲ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮುಂದಕ್ಕೆ ಹೋಗುವುದಿಲ್ಲ. ನನ್ನ ಬಳಿಯೂ ಅದಿತ್ತು. ಆದರೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಹತ್ತನೆಯ ತರಗತಿ ಓದಿದ ನನ್ನಂಥವರಿಗೆ ಎರಡು ವರ್ಷದ ಐಟಿಐ ಬೇಕಾದ್ದರಿಂದ ಪ್ರವೇಶದ ಹೊತ್ತಿನಲ್ಲಿ ಅದು ನಡೆಯಲಿಲ್ಲ. ಐಟಿಐ ಮೆಟ್ಟಿಲು ಹತ್ತದವರೂ ಅನುಭವದ ಆಧಾರದ ಮೇಲೆ ಖಾಸಗಿ ಅಭ್ಯರ್ಥಿಗಳಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕೂರಬಹುದೆಂದು ನಾನು ಹೇಳಿದಾಗ ಶಾಪಿನಲ್ಲಿ ಯಾರೂ ನಂಬಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಆ ಪರೀಕ್ಷೆಗೆ ಬೇಕಾದ ಅನುಭವ ಪತ್ರ. ನನ್ನ ಹೆಸರು ಗುತ್ತಿಗೆದಾರನ ಹಾಜರಿ ಪಟ್ಟಿಯಲ್ಲಿದ್ದುದರಿಂದ ಕಾರ್ಖಾನೆಯವರು ಕೈ ಎತ್ತಿದರು. ಗುತ್ತಿಗೆದಾರ ಸಹಿಗೆ ಎರಡು ಸಾವಿರದಷ್ಟು ಕೇಳಿದ. ನಾನು ಬಿಡಿಗಾಸೂ ಕೊಡದೆ ಪಿಎಫ್ ಪಾಸ್‌ಬುಕ್, ಇಎಸ್ಐ ಕಾರ್ಡ್, ಹಳೆಯ ಪಗಾರ ಚೀಟಿಗಳನ್ನು ಜೋಡಿಸಿ ಪತ್ರ ಬರೆಸಿಕೊಂಡೆ. ಆ ಪತ್ರದ ಒಕ್ಕಣೆ ಹೇಗಿರಬೇಕೆಂಬುದನ್ನು ಎದುರು ಬಂದು ಕೂತವರಿಗೆ ಮಾತ್ರ ಹೇಳುತ್ತೇನೆ. ಒಟ್ಟು ಖರ್ಚು ಹದಿನೈದು ಸಾವಿರದ ಆಸುಪಾಸು. ಅದರಲ್ಲಿ ಮುಕ್ಕಾಲು ಪಾಲು ರಜೆಯಿಂದ ಕಳೆದುಕೊಂಡ ಪಗಾರ.

ಪ್ರಾಕ್ಟಿಕಲ್‌ನಲ್ಲಿ ನಾನು ಲೇತ್‌ನಲ್ಲಿ ಮಾಡಿದ ಜಾಬ್ ಅನ್ನು ಪರೀಕ್ಷಕರು ಮೈಕ್ರೊಮೀಟರ್ ಹಿಡಿದು ಎರಡು ಸಲ ನೋಡಿದರು, ತಪ್ಪು ಸಿಗಲಿಲ್ಲ. ಕಷ್ಟವಿದ್ದದ್ದು ಲೆಕ್ಕದಲ್ಲಿ. 40 ಮಿ.ಮೀ. ವ್ಯಾಸವನ್ನು 50 ಮಿ.ಮೀ. ಉದ್ದದಲ್ಲಿ 30ಕ್ಕೆ ಇಳಿಸುವ ಟೇಪರನ್ನು ನಾವು ಡಯಲ್ ಇಟ್ಟು ಕೈಯಳತೆಯಲ್ಲೇ ಕೂಡಿಸುತ್ತೇವೆ. ಪರೀಕ್ಷೆಯಲ್ಲಿ ವ್ಯಾಸಗಳ ಅಂತರವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ, 0.1 ಬಂದಾಗ ಆ ಟ್ಯಾನ್ ಬೆಲೆಯ ಕೋನ 5 ಡಿಗ್ರಿ 43 ಮಿನಿಟು ಎಂದು ಗುರುತಿಸಬೇಕು. ಸೂತ್ರಗಳನ್ನು ಕನ್ನಡದಲ್ಲಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿ ನೋಡಿದೆ, ಅದು ಹತ್ತಲಿಲ್ಲ. ದಿನದ ಜಾಬ್‌ಕಾರ್ಡಿನ ಬೆನ್ನಿಗೇ ಆ ಜಾಬಿನ ಲೆಕ್ಕ ಬರೆಯತೊಡಗಿದ ಮೇಲೆ ಹತ್ತಿತು. ಐಟಿಐ ಪಠ್ಯಗಳನ್ನು ಸಿದ್ಧಪಡಿಸುವ ಸರ್ಕಾರಿ ಸಂಸ್ಥೆ ನಿಮಿಯ ಪ್ರಶ್ನಕೋಶವನ್ನೂ ಬಿಡಬೇಡಿ.

ಕಲಿಕೆಯನ್ನು ಕ್ರೆಡಿಟ್ ಎಂಬ ಏಕಮಾನದಲ್ಲಿ ಅಳೆಯುವ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂದ ಮೇಲೆ ದುಡಿದ ವರ್ಷಗಳಿಗೆಲ್ಲ ತಾನಾಗಿ ಕ್ರೆಡಿಟ್ ಜಮೆಯಾಗುತ್ತದೆಂದು ಹಲವರು ಕಾದು ಕುಳಿತಿದ್ದಾರೆ. ಅದರಲ್ಲಿ 30 ಗಂಟೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40 ಎಂಬ ಲೆಕ್ಕವಿದ್ದು, ಅನುಭವಕ್ಕೂ ತೂಕವಿದೆ. ಆದರೆ ಮೌಲ್ಯಮಾಪನವಾಗದ ಅನುಭವಕ್ಕೆ ಒಂದು ಕ್ರೆಡಿಟ್ಟೂ ಇಲ್ಲ. ಆದ್ದರಿಂದ ಮೊದಲು ಆ ವೃತ್ತಿ ಪರೀಕ್ಷೆ ಪಾಸಾದವರಿಗೆ ಸಿಗುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ, ಅಂದರೆ ಎನ್‌ಟಿಸಿ ಪಡೆಯಿರಿ ಎನ್ನುತ್ತೇನೆ. ಅದರ ಬಲದಿಂದ ನನಗೆ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷದಲ್ಲೇ ಸೀಟು ಸಿಕ್ಕಿದ್ದು, ಒಂದು ವರ್ಷದ ಫೀಸೂ ಉಳಿತಾಯವಾಗಿದೆ. ಅಂದು ನಂಬದಿದ್ದ ಶಾಪಿನವರಲ್ಲಿ ಇಬ್ಬರು ಈಗ ತಮ್ಮ ಪಿಎಫ್ ಪಾಸ್‌ಬುಕ್ ತೆಗೆಸುತ್ತಿದ್ದಾರೆ.