ಅಳಿವೆಯ ದಡದಲ್ಲಿ ಐದು ರಾತ್ರಿ

ಮೊದಲ ಸಲ ಆರ್‌ವಿ, ಅಂದರೆ ಅಡುಗೆಕಟ್ಟೆ, ಹಾಸಿಗೆ, ಪಾಯಖಾನೆ ಎಲ್ಲ ಒಳಗೇ ಇರುವ ಮನೆಯಂಥ ಗಾಡಿ, ಬಾಡಿಗೆಗೆ ತಗೊಂಡಾಗ ನಾವು ಐದು ರಾತ್ರಿಗೆ ನಾಲ್ಕು ಊರು ಸುತ್ತಿದ್ದೆವು. ಅಮೆರಿಕದ ಒರೆಗಾನ್ ರಾಜ್ಯದ ಕರಾವಳಿಯ 101ನೇ ಹೆದ್ದಾರಿಯಲ್ಲಿ ದಿನಾ ಬೆಳಿಗ್ಗೆ ಗಂಟು ಕಟ್ಟುವುದು, ಸಂಜೆ ಬಿಚ್ಚುವುದು. ಕಡಲು ನೋಡಿದ್ದಕ್ಕಿಂತ ನೀರಿನ ಪೈಪು ಸುತ್ತಿದ್ದೇ ಜಾಸ್ತಿ. ಈ ಸಲ ಹೊನ್ನಾವರದಿಂದ ಅಪ್ಪ, ಅಮ್ಮ ಬಂದಿದ್ದರು. ಅಪ್ಪನಿಗೆ 72, ಅಮ್ಮನಿಗೆ ಮಂಡಿನೋವು. ಹಾಗಾಗಿ ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಐದು ರಾತ್ರಿ ಅಲ್ಲೇ ಇರೋಣ ಅಂತ ತೀರ್ಮಾನಿಸಿದೆವು. ಜಾಗ ನ್ಯೂಪೋರ್ಟ್. ಯಕ್ವಿನಾ ನದಿ ಪೆಸಿಫಿಕ್ ಸಾಗರ ಸೇರುವ ಕಡೆ, ಕೊಲ್ಲಿಯ ದಕ್ಷಿಣ ದಡದಲ್ಲಿ ಇಂಥ ಗಾಡಿ ನಿಲ್ಲಿಸಿ ತಂಗುವ ಆರ್‌ವಿ ಪಾರ್ಕು. ಜೂನ್ ಕೊನೆಯ ವಾರ.

ನಾವಿರುವುದು ಹಿಲ್ಸ್‌ಬರೋದಲ್ಲಿ. ಅಲ್ಲಿಂದ ನ್ಯೂಪೋರ್ಟಿಗೆ ಸುಮಾರು 130 ಮೈಲಿ. ಕಾರಿನಲ್ಲಾದರೆ ಎರಡೂವರೆ ಗಂಟೆ, ಆರ್‌ವಿಯಲ್ಲಿ ನಮಗೆ ಮೂರೂವರೆ ಹಿಡಿಯಿತು. ಗಾಡಿ 25 ಅಡಿ ಉದ್ದ, 11 ಅಡಿ ಎತ್ತರ. ಓಡಿಸಿದ್ದು ನಾನು. ಇಂಥ ಗಾಡಿಗೆ ಇಲ್ಲಿ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಆದರೆ ತಿರುವಿನಲ್ಲಿ ಹಿಂಭಾಗ ಆಚೆಗೆ ಬೀಸುತ್ತದೆ, ಅದು ಅಭ್ಯಾಸ ಆಗುವವರೆಗೆ ಪಕ್ಕದ ಸಾಲಿನವರ ಮೇಲೆ ಕಣ್ಣಿರಬೇಕು. ಕೊರ್ವಾಲಿಸ್ ದಾಟಿದ ಮೇಲೆ 20ನೇ ಹೆದ್ದಾರಿ ಬೆಟ್ಟಗಳ ನಡುವೆ ಹೋಗುತ್ತದೆ. ಹಿಂದೆ ನಾಲ್ಕು ಕಾರು ಸೇರಿದರೆ ಬದಿಯಲ್ಲಿ ಜಾಗ ಸಿಕ್ಕ ಕಡೆ ನಿಂತು ಅವರಿಗೆ ದಾರಿ ಬಿಡುತ್ತಿದ್ದೆ.

ನನ್ನ ಗಂಡ ನಮ್ಮ ಕಾರಿನಲ್ಲಿ ಹಿಂದೆಯೇ ಬಂದರು. ಪೆಟ್ರೋಲ್ ಎರಡು ಗಾಡಿಗೆ ಹಾಕಬೇಕಾಯಿತು, ನಿಜ. ಆದರೂ ಒಂದೇ ಕಡೆ ಉಳಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆರ್‌ವಿಗೆ ಒಮ್ಮೆ ಕರೆಂಟು, ನೀರು, ಚರಂಡಿ ಪೈಪು ಜೋಡಿಸಿದ ಮೇಲೆ ಹಾಲು ತರಲು ಅದನ್ನು ಕದಲಿಸುವುದು ಕಷ್ಟ. ಮೊದಲ ಪ್ರವಾಸದಲ್ಲಿ ಡೆವಿಲ್ಸ್ ಪಂಚ್‌ಬೌಲ್ ಎಂಬ ಕಡಲಬದಿಯ ಬಂಡೆಯ ಹೊಂಡ ನೋಡಲು ಹೋಗಿ, ಆ ಚಿಕ್ಕ ಪಾರ್ಕಿಂಗಿನಲ್ಲಿ ಗಾಡಿ ಹಿಡಿಸದೆ ಇಳಿಯದೇ ವಾಪಸ್ ಬಂದಿದ್ದೆವು.

ಪಾರ್ಕಿಗೆ ತಲುಪಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಗಾಡಿಯನ್ನು ಸಮಮಟ್ಟಕ್ಕೆ ತರುವುದು. ತಗ್ಗಿನ ಕಡೆಯ ಚಕ್ರಕ್ಕೆ ಪ್ಲಾಸ್ಟಿಕ್ ಹಲಗೆ ಜೋಡಿಸಿ ಅದರ ಮೇಲೆ ಹತ್ತಿಸಬೇಕು. ಅಡುಗೆ ಕಟ್ಟೆ ಮೇಲೆ ಒಂದು ತಟ್ಟೆಯಲ್ಲಿ ನೀರಿಟ್ಟು ನೋಡಿದರೆ ಸಾಕು, ಓರೆ ಗೊತ್ತಾಗುತ್ತದೆ. ಸಮ ಇಲ್ಲದಿದ್ದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜು ಸರಿಯಾಗಿ ತಣಿಸುವುದಿಲ್ಲ, ಮಲಗಿದವರ ತಲೆ ಭಾರವಾಗುತ್ತದೆ. ಆಮೇಲೆ ಕರೆಂಟು. ನಮ್ಮ ಗಾಡಿಯದು 30 ಆಂಪ್. ಅಂದರೆ 120 ವೋಲ್ಟಿಗೆ 3,600 ವ್ಯಾಟ್, ಇಡೀ ಮನೆಗೆ ಅಷ್ಟೇ. ಮೊದಲ ರಾತ್ರಿ ಹೀಟರು ಉರಿಯುತ್ತಿತ್ತು, ಮೈಕ್ರೊವೇವಿನಲ್ಲಿ ಹಾಲು ಬಿಸಿಯಾಗುತ್ತಿತ್ತು, ಅಮ್ಮ ರೈಸ್ ಕುಕ್ಕರ್ ಸ್ವಿಚ್ಚು ಹಾಕಿದ್ದೇ ಎಲ್ಲ ಕತ್ತಲಾಯಿತು. ಬ್ರೇಕರ್ ಮೇಲೆತ್ತಿದರೆ ಸರಿಹೋಗುತ್ತದೆ. ಅವತ್ತಿನಿಂದ ಅನ್ನ ಬೇಯುವಾಗ ಹೀಟರು ಬಂದ್ ಅಂತ ನಿಯಮ ಮಾಡಿಕೊಂಡೆವು.

ನೀರಿನ ಪೈಪು ಜೋಡಿಸುವಾಗ ಒತ್ತಡ ತಗ್ಗಿಸುವ ಪುಟ್ಟ ಹಿತ್ತಾಳೆ ಉಪಕರಣವನ್ನು ನಲ್ಲಿಗೆ ಹಾಕಲು ಮರೆಯಬೇಡಿ. ಪಾರ್ಕಿನ ನೀರಿನ ರಭಸಕ್ಕೆ ಒಳಗಿನ ತೆಳು ಪೈಪು ಒಡೆಯಬಹುದು. ಕುಡಿಯುವ ನೀರಿಗೆ ಬಿಳಿ ಪೈಪು ಬೇರೆಯೇ ಇರುತ್ತದೆ, ಅದನ್ನು ಇನ್ನಾವುದಕ್ಕೂ ಬಳಸುವುದಿಲ್ಲ.

ಇನ್ನು ಕೊಳಕು ನೀರಿನ ವಿಷಯ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ನಮ್ಮವರು ಕೇಳಲು ನಾಚಿಕೊಳ್ಳುತ್ತಾರೆ. ಗಾಡಿಯ ಕೆಳಗೆ ಎರಡು ಟ್ಯಾಂಕ್ ಇವೆ. ಪಾಯಖಾನೆಯದು ಕಪ್ಪು ಟ್ಯಾಂಕ್. ಸಿಂಕು, ಸ್ನಾನದ್ದು ಬೂದು ಟ್ಯಾಂಕ್. ಚರಂಡಿ ಪೈಪು ಜೋಡಿಸಿದ್ದೇವೆ ಅಂತ ಕಪ್ಪು ಟ್ಯಾಂಕಿನ ಕವಾಟ ತೆರೆದೇ ಇಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಕೂರುತ್ತದೆ. ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ. ಅದನ್ನು ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಮೊದಲು ಕಪ್ಪು, ಆಮೇಲೆ ಬೂದು. ಬೂದು ಟ್ಯಾಂಕಿನ ಸೋಪು ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು.

ನಾನು ಎಡವಿದ್ದು ಬೂದು ಟ್ಯಾಂಕಿನಲ್ಲಿ. ನಮ್ಮ ಅಡುಗೆಗೆ ಪಾತ್ರೆ ಜಾಸ್ತಿ, ತೊಳೆಯುವುದು ಹರಿಯುವ ನೀರಿನಲ್ಲಿ. ಎರಡನೇ ದಿನ ಸಂಜೆ ಅಮ್ಮ ಸ್ನಾನಕ್ಕೆ ಹೋದರೆ ಕಾಲ ಕೆಳಗೆ ಅಕ್ಕಿ ತೊಳೆದ ನೀರು, ಸಾರಿನ ಕರಿಬೇವು ಮೇಲೆ ಬರುತ್ತಿವೆ! ಟ್ಯಾಂಕ್ ತುಂಬಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಸ್ನಾನದ ತೊಟ್ಟಿಗೆ ನೀರು ಹಿಮ್ಮೆಟ್ಟಿತ್ತು. ಅಮ್ಮ ಏನೂ ಅನ್ನಲಿಲ್ಲ. ನನಗೆ ಬೇಜಾರಾಯಿತು. ಮರುದಿನದಿಂದ ಬೋಗುಣಿಯಲ್ಲಿ ನೀರು ಹಿಡಿದು ಪಾತ್ರೆ ತೊಳೆದೆವು. ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರೆಸಿ, ಎಣ್ಣೆ ಜಿಡ್ಡನ್ನು ಕಸದ ಚೀಲಕ್ಕೆ ಹಾಕಿದೆವು. ದಿನಾ ಬೆಳಿಗ್ಗೆ ಟ್ಯಾಂಕಿನ ಸೂಚಕ ನೋಡುವುದು ರೂಢಿಯಾಯಿತು.

ಮೊದಲ ಸಂಜೆ ಪಾರ್ಕಿನಿಂದ ನಡೆದು ನದಿಯ ಬಾಯಿಯ ಕಡೆ ಹೋದೆವು. ಎರಡೂ ದಡದಿಂದ ಕಲ್ಲುಬಂಡೆ ಪೇರಿಸಿದ ಉದ್ದನೆಯ ಗೋಡೆಗಳು ಕಡಲೊಳಗೆ ಚಾಚಿವೆ. ಮೇಲೆ 1936ರಲ್ಲಿ ತೆರೆದ ಯಕ್ವಿನಾ ಕೊಲ್ಲಿಯ ಕಮಾನು ಸೇತುವೆ. ಅಪ್ಪ ಸ್ವಲ್ಪ ಹೊತ್ತು ನೋಡಿ, “ಇದು ಅಳಿವೆ ಅಲ್ವಾ ಮಗಾ?” ಅಂದರು. ಹೌದು, ಅಳಿವೆಯೇ. ಇಲ್ಲಿಯವರು ಅದನ್ನು ಬಾರ್ ಅನ್ನುತ್ತಾರೆ. ನದಿ ತಂದ ಮರಳು ಬಾಯಲ್ಲಿ ದಿಬ್ಬವಾಗುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಬರುವ ಅಲೆ ಅಲ್ಲಿ ಎದ್ದು ನಿಂತು ಒಡೆಯುತ್ತದೆ. ಶರಾವತಿಯ ಅಳಿವೆ ದಾಟುವ ದೋಣಿಗಳನ್ನು ಅಪ್ಪ ಚಿಕ್ಕಂದಿನಿಂದ ನೋಡಿದವರು. ಯಾವ ದೋಣಿ ಯಾಕೆ ಕಾಯುತ್ತಿದೆ ಅಂತ ನನಗೆ ತೋರಿಸುತ್ತಾ ಹೋದರು. ನಾನು ಹತ್ತು ವರ್ಷದಿಂದ ಈ ಕರಾವಳಿಗೆ ಬರುತ್ತಿದ್ದೇನೆ, ಈ ಕಣ್ಣಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಅವರಿಗೆ ಅಚ್ಚರಿಯಾದದ್ದು ಚಳಿ. ಜೂನಿನಲ್ಲಿ ನಮ್ಮೂರಲ್ಲಿ ಮಳೆ ಹೊಡೆಯುತ್ತಿರುತ್ತದೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಇಲ್ಲಿ ದೋಣಿಗಳು ಹೊರಟಿವೆ, ಬಿಸಿಲಿದೆ, ಆದರೂ ಸ್ವೆಟರ್ ಬೇಕು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ನೀರು 10–12 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಕಾಲಿಟ್ಟರೆ ಮೂಳೆ ನೋಯುತ್ತದೆ. ಆ ನೀರಿನ ಜೊತೆಗೇ ಪೋಷಕಾಂಶವೂ ಮೇಲೆ ಬರುವುದರಿಂದ ಮೀನು, ಹಕ್ಕಿ, ತಿಮಿಂಗಿಲ ಎಲ್ಲಕ್ಕೂ ಊಟ. ಮಧ್ಯಾಹ್ನದ ಮೇಲೆ ಈ ಗಾಳಿ ಜೋರು. ಬಾಗಿಲ ಮೇಲಿನ ಮಡಚುವ ನೆರಳುಬಟ್ಟೆಯನ್ನು ಬಿಚ್ಚಿಟ್ಟು ಪೇಟೆಗೆ ಹೋಗಿದ್ದೆವು. ಬರುವಷ್ಟರಲ್ಲಿ ಅದರ ಒಂದು ತೋಳು ಬಾಗಿತ್ತು. ಪಕ್ಕದ ಗಾಡಿಯವರು ಓಡಿಬಂದು ಸುತ್ತಿಟ್ಟಿದ್ದರಿಂದ ಬಟ್ಟೆ ಹರಿಯಲಿಲ್ಲ. ಕರಾವಳಿಯಲ್ಲಿ ಗಾಡಿ ಬಿಟ್ಟು ಹೋಗುವಾಗ ಅದನ್ನು ಸುತ್ತಿಯೇ ಹೋಗಿ.

ಪಾರ್ಕಿನ ಸುತ್ತಮುತ್ತ ಸುನಾಮಿ ದಾರಿ ತೋರಿಸುವ ನೀಲಿ ಫಲಕಗಳಿವೆ. ನಾನು ಮೊದಲ ದಿನವೇ ಆ ದಾರಿಯಲ್ಲಿ ಎಲ್ಲರನ್ನೂ ನಡೆಸಿದೆ. ಸೇತುವೆಯ ದಕ್ಷಿಣಕ್ಕೆ ಸೇಫ್ ಹೇವನ್ ಹಿಲ್ ಅಂತ ಒಂದು ಗುಡ್ಡವಿದೆ, ಜನ ಸೇರಬೇಕಾದದ್ದು ಅಲ್ಲಿ. ಅಮ್ಮನ ನಡಿಗೆಯಲ್ಲಿ ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ನೋಡಿದೆವು. ಇದು ಸುಮ್ನೆ ಹೆದರಿಕೆಯಲ್ಲ. 1700ರ ಜನವರಿ 26ರಂದು ಈ ಕರಾವಳಿಯಾಚೆ ಸುಮಾರು 9ರ ತೀವ್ರತೆಯ ಭೂಕಂಪವಾಯಿತು. ಅದರ ಅಲೆ ಜಪಾನಿನವರೆಗೆ ಹೋಗಿ, ಅಲ್ಲಿನ ದಾಖಲೆಗಳಲ್ಲಿ ಉಳಿದದ್ದರಿಂದಲೇ ಇವತ್ತಿಗೆ ದಿನಾಂಕ ಗೊತ್ತಿದೆ. ನೆಲ ಜೋರಾಗಿ ನಡುಗಿದರೆ ಸೈರನ್ನಿಗೆ ಕಾಯಬಾರದು, ಆರ್‌ವಿ ಓಡಿಸಿಕೊಂಡು ಹೋಗುವ ಯೋಚನೆ ಮಾಡಬಾರದು. ನಡೆದೇ ಗುಡ್ಡ ಹತ್ತಬೇಕು.

ಒಂದೇ ಕಡೆ ಉಳಿದದ್ದರ ಲಾಭ ಮರುದಿನದಿಂದ ಗೊತ್ತಾಯಿತು. ಪಾರ್ಕಿನ ಕಚೇರಿಯಲ್ಲಿ ಭರತ–ಇಳಿತದ ಚಿಕ್ಕ ಪಟ್ಟಿ ಸಿಗುತ್ತದೆ. ನಮ್ಮ ದಿನಚರಿ ಪೂರ್ತಿ ಅದರ ಮೇಲೆ ನಿಂತಿತು. ಇಲ್ಲಿ ದಿನಕ್ಕೆ ಎರಡು ಇಳಿತ, ಆದರೆ ಎರಡೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ತುಂಬಾ ತಗ್ಗಿನದು ಬೆಳಿಗ್ಗೆ ಬರುತ್ತದೆ, ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ತಗ್ಗು. ಮೊದಲ ಬೆಳಿಗ್ಗೆ ಅದು 6.20ಕ್ಕಿತ್ತು. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಂತೆ ತಡವಾಗುತ್ತಾ ಹೋಯಿತು. ಸುತ್ತುವವರಿಗೆ ಈ ಗಂಟೆ ಸಿಗುವುದಿಲ್ಲ. ಆಗ ಅವರು ಹೋಟೆಲಿನಲ್ಲಿ ಮಲಗಿರುತ್ತಾರೆ, ಇಲ್ಲವೇ ಗಂಟು ಕಟ್ಟುತ್ತಿರುತ್ತಾರೆ.

ಯಕ್ವಿನಾ ಹೆಡ್ ಎಂಬ ಭೂಶಿರಕ್ಕೆ ನಾವು ಎರಡು ಸಲ ಹೋದೆವು. ಕಾರಿಗೆ 7 ಡಾಲರ್ ಕೊಟ್ಟರೆ ಮೂರು ದಿನ ನಡೆಯುತ್ತದೆ. 1873ರಲ್ಲಿ ಬೆಳಗಿದ ದೀಪಸ್ತಂಭ ಅಲ್ಲಿದೆ. 93 ಅಡಿ, ಒರೆಗಾನಿನಲ್ಲೇ ಎತ್ತರದ್ದು. ಆದರೆ ನನ್ನ ಮನಸ್ಸು ನಿಂತದ್ದು ಅದರ ಬುಡದ ಕಾಬಲ್ ಬೀಚಿನಲ್ಲಿ. ಮರಳೇ ಇಲ್ಲ, ಬರೀ ಕರಿಯ ದುಂಡು ಕಲ್ಲುಗಳು. ಅಲೆ ಹಿಂದೆ ಸರಿದಾಗ ಕಲ್ಲುಗಳು ಒಂದಕ್ಕೊಂದು ತಾಗಿ ಚಪ್ಪಾಳೆ ತಟ್ಟಿದ ಹಾಗೆ ಸದ್ದು. ಸುಮಾರು 1.4 ಕೋಟಿ ವರ್ಷಗಳ ಹಿಂದೆ ಪೂರ್ವದಿಂದ ನೂರಾರು ಮೈಲಿ ಹರಿದು ಬಂದ ಲಾವಾ ಈ ಭೂಶಿರ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಅಮ್ಮನಿಗೆ ನೆನಪಾದವು.

ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ನೀರು ಇಳಿಯುತ್ತಾ ಹೋದ ಹಾಗೆ ಅದರ ಹಿಂದೆ ಹೋಗಿ, ತಿರುಗಿದ ಕೂಡಲೇ ವಾಪಸ್ ಬರಬಹುದು. ಬಂಡೆಗಳ ನಡುವಿನ ಹೊಂಡಗಳಲ್ಲಿ ನೇರಳೆ ಮತ್ತು ಕಿತ್ತಳೆ ಬಣ್ಣದ ನಕ್ಷತ್ರಮೀನು, ಕಡುಹಸಿರು ಕಡಲಹೂ, ಮುಳ್ಳುಚೆಂಡಿನಂಥ ಅರ್ಚಿನ್‌ಗಳು. 2013ರಿಂದ ಒಂದು ರೋಗ ಬಂದು ಈ ಕರಾವಳಿಯುದ್ದಕ್ಕೂ ನಕ್ಷತ್ರಮೀನುಗಳು ರಾಶಿ ರಾಶಿ ಸತ್ತಿದ್ದವು. ಅದಕ್ಕೇ ಒಂದೊಂದನ್ನೂ ನೋಡಿದಾಗ ಖುಷಿಯಾಗುತ್ತಿತ್ತು. ಬರಿಗಲ್ಲಿನ ಮೇಲೆ ಮಾತ್ರ ಕಾಲಿಡಬೇಕು, ಯಾವುದನ್ನೂ ಕೀಳಬಾರದು. ಮಂಡಿನೋವಿನ ಅಮ್ಮ ಮೇಲೆಯೇ ಕೂತು ಎದುರಿನ ಬಂಡೆ ನೋಡುತ್ತಿದ್ದರು. ಜೂನಿನಲ್ಲಿ ಆ ಬಂಡೆಯ ಮೇಲೆ ಮರ್ ಎಂಬ ಸಾವಿರಾರು ಕಡಲ ಹಕ್ಕಿಗಳು ಒತ್ತೊತ್ತಾಗಿ ನಿಂತು ಮೊಟ್ಟೆ ಕಾಯುತ್ತವೆ. ಹದ್ದು ಬಂದರೆ ಎಲ್ಲ ಒಟ್ಟಿಗೆ ಎದ್ದು ಹಾರುತ್ತವೆ. ಅಮ್ಮ ಒಂದು ಗಂಟೆ ಕದಲಲಿಲ್ಲ.

ಉತ್ತರಕ್ಕೆ ಡೀಪೋ ಬೇವರೆಗೆ, ದಕ್ಷಿಣಕ್ಕೆ ಕೇಪ್ ಪರ್ಪೆಚುವಾವರೆಗೆ ಕಾರಿನಲ್ಲಿ ಅರ್ಧರ್ಧ ದಿನ ಹೋಗಿ ಬಂದೆವು. ಡೀಪೋ ಬೇಯಲ್ಲಿ ರಸ್ತೆ ಬದಿಯ ಗೋಡೆಗೆ ಒರಗಿ ನಿಂತರೆ ಸಾಕು, ಬೂದು ತಿಮಿಂಗಿಲದ ಉಸಿರು ಕಾರಂಜಿಯಂತೆ ಏಳುವುದು ಕಾಣುತ್ತದೆ. ಬೇಸಿಗೆಯಲ್ಲಿ ಕೆಲವು ಇಲ್ಲೇ ಉಳಿಯುತ್ತವೆ. ಪರ್ಪೆಚುವಾದ ತುದಿ ಕಡಲಿನಿಂದ 800 ಅಡಿ ಎತ್ತರ. 1778ರ ಮಾರ್ಚ್ 7ರಂದು, ಸಂತ ಪರ್ಪೆಚುವಾಳ ಹಬ್ಬದ ದಿನ, ಕ್ಯಾಪ್ಟನ್ ಕುಕ್ ಈ ಹೆಸರಿಟ್ಟ. ಕೆಳಗಿನ ಥಾರ್ಸ್ ವೆಲ್ ಎಂಬ ಬಂಡೆಯ ಬಾವಿಗೆ ಕಡಲು ಸುರಿಯುವುದನ್ನು ದೂರದಿಂದಲೇ ನೋಡಿದೆವು. ಭರತದ ಹೊತ್ತಿಗೆ ಹತ್ತಿರ ಹೋಗಿ ಫೋಟೊ ತೆಗೆಯುವವರನ್ನು ಕಂಡರೆ ನನ್ನ ಎದೆ ಹಾರುತ್ತದೆ. ಈ ಕಡಲಿನಲ್ಲಿ ಹತ್ತು ಸಣ್ಣ ಅಲೆಯ ನಂತರ ಸೂಚನೆಯಿಲ್ಲದೆ ಒಂದು ದೊಡ್ಡದು ಬರುತ್ತದೆ. ದಡದಲ್ಲಿ ಬಿದ್ದ ದಿಮ್ಮಿಯನ್ನೂ ಅದು ಉರುಳಿಸುತ್ತದೆ, ಅದರ ಮೇಲೆ ಮಕ್ಕಳನ್ನು ಕೂರಿಸಬೇಡಿ. ಅಲೆಗೆ ಬೆನ್ನು ಹಾಕಲೂಬೇಡಿ.

ಅಪ್ಪನ ದಿನ ಅಂದರೆ ನಾಲ್ಕನೆಯದು. ಪಾರ್ಕಿನ ಹತ್ತಿರದ ಕಟ್ಟೆಯಿಂದ ಡಂಜೆನೆಸ್ ಏಡಿ ಹಿಡಿಯಬಹುದು. ಎಲ್ಲರಿಗೂ ಲೈಸೆನ್ಸ್ ಮಾಡಿಸಿದೆವು. 12 ವರ್ಷ ತುಂಬಿದವರಿಗೆ ಅದು ಬೇಕು. ಬಾಡಿಗೆಗೆ ಬಳೆಯಾಕಾರದ ಬಲೆ ತಂದು, ಕೋಳಿ ಕಾಲು ಕಟ್ಟಿ, ನೀರು ನಿಂತ ಹೊತ್ತಿಗೆ ಇಳಿಬಿಟ್ಟೆವು. ನೀರು ರಭಸವಾಗಿ ಹರಿಯುವಾಗ ಏಡಿ ನಡೆಯುವುದಿಲ್ಲ. ಗಂಡು ಮಾತ್ರ ಇಟ್ಟುಕೊಳ್ಳಬಹುದು, ಬೆನ್ನ ಅಗಲ ಐದೂಮುಕ್ಕಾಲು ಇಂಚಿಗೆ ಕಡಿಮೆ ಇರಬಾರದು. ಅಳೆಯುವಾಗ ಎರಡು ಬದಿಯ ಚೂಪು ತುದಿಗಳನ್ನು ಸೇರಿಸುವಂತಿಲ್ಲ. ಗಂಡಿನ ಹೊಟ್ಟೆಯ ಮಡಿಕೆ ಕಿರಿದು, ಹೆಣ್ಣಿನದು ಅಗಲ. ಇದನ್ನು ನಾನು ಅಪ್ಪನಿಗೆ ಹೇಳಹೋದರೆ, ಅವರು ಆಗಲೇ ಏಡಿಯನ್ನು ಹಿಂದಿನಿಂದ ಹಿಡಿದು ತಿರುಗಿಸಿ ನೋಡಿ ನೀರಿಗೆ ಬಿಟ್ಟಾಗಿತ್ತು. ಒಂಬತ್ತು ಸಿಕ್ಕವು, ಎರಡು ಉಳಿದವು. ಅಮ್ಮ ಗಾಡಿಯ ಹೊರಗೆ ಗ್ಯಾಸ್ ಒಲೆ ಇಟ್ಟು, ಒಣಮೆಣಸು, ಕೊತ್ತಂಬರಿ, ಮನೆಯಿಂದ ತಂದ ಕಾಯಿತುರಿ ಹಾಕಿ ಸುಕ್ಕ ಮಾಡಿದರು. ನೆರಳುಬಟ್ಟೆ ಸುತ್ತಿಟ್ಟ ಪಕ್ಕದ ಗಾಡಿಯವರಿಗೂ ಒಂದು ಬಟ್ಟಲು ಹೋಯಿತು. ಸೂರ್ಯ ಮುಳುಗಿದ್ದು ರಾತ್ರಿ ಒಂಬತ್ತರ ಮೇಲೆ. “ಇಲ್ಲೂ ಕಡಲಿಗೇ ಇಳಿಯುತ್ತಾನಲ್ಲ” ಅಂದರು ಅಮ್ಮ.

ಹೊರಡುವ ದಿನ ಬೆಳಿಗ್ಗೆ ನಾನು ಕಪ್ಪು ಟ್ಯಾಂಕ್ ಬಿಟ್ಟು, ಬೂದು ಬಿಟ್ಟು, ಪೈಪು ತೊಳೆದಿಟ್ಟೆ. ನನ್ನ ಗಂಡ ಗಾಡಿಯ ಸುತ್ತ ಒಂದು ಸುತ್ತು ಬಂದು ಕರೆಂಟಿನ ಕೇಬಲ್, ಮೆಟ್ಟಿಲು, ಚಕ್ರದ ಹಲಗೆ ಎಲ್ಲ ನೋಡಿದರು. 11ಕ್ಕೆ ಜಾಗ ಖಾಲಿ ಮಾಡಬೇಕಿತ್ತು. ಅಪ್ಪ ಆಗಲೇ ಸ್ವೆಟರ್ ಹಾಕಿ, ಮಡಚಿ ಮಡಚಿ ಹರಿದುಹೋದ ಆ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಇವತ್ತು ಇಳಿತ 9.15ಕ್ಕೆ. ಇನ್ನೂ ಒಂದು ತಾಸಿದೆ” ಅಂದರು.

ನಾನು ಗಾಡಿಗೆ ಬೀಗ ಹಾಕಿದೆ.